ಟಿಕೀಟಿನ ಹಿಂದ ಬರೆದ ಬಾಕಿ

ಬೆಳಗಾವಿ ಕಾಲೇಜ್ ರೋಡಿನ ಟ್ರಾವೆಲ್ಸಿನ್ಯಾಗ
ಕಡೋಲ್ಕರ ಅನ್ನೋ ಹುಡುಗ
ಗೋಡೆಯ ನಕಾಶಿ ಮ್ಯಾಲ ಪೆನ್ನು ಆಡಿಸಿದ.
ಸಿಗಲಿಲ್ಲ.
ಪೆನ್ನಿನ ಚುಂಚು ಅಷ್ಟೂ ದೇಶ ಮುಚ್ಚಿತ್ತು.
"ಎಲ್ ಸಾಲ್ವಡೋರ್? ಅಲ್ಲೇನೈತ್ರೀ ನೋಡಾಕ?
ಮೂರು ವಿಮಾನ ಬದಲಿ. ಇದ ರೊಕ್ಕದಾಗ
ಸಿಂಗಾಪುರ, ಬಾಲಿ ಎರಡೂ ಮುಗಿಸಿ
ಉಳಿದದ್ರಾಗ ಒಂದು ಉಂಗುರ ಆಕ್ಕೈತ್ರಿ."

ನಾನು ಸುಮ್ಮನ ಕುಂತೆ.
ಆ ಮಾತು ಹೊಸದಲ್ಲ, ನಂದ ಅದು.
ಎಲ್ಲೋ ದಾರ್ಯಾಗ ಬಿಟ್ಟು ಬಂದಿದ್ದೆ,
ವಿಳಾಸ ಹುಡುಕ್ಕೊಂಡು ಬಂದೈತಿ.

ಇಪ್ಪತ್ತಾರು ವರ್ಷ ಬಾದಾಮಿ ಡಿಪೋದಾಗ ಕಂಡಕ್ಟರಿಕಿ.
ಒಂದು ಬ್ಯಾಸಗಿ, ಉರಿಉರಿ ಮಧ್ಯಾಹ್ನ
ಇಬ್ಬರು ಹತ್ತಿದರು, ಬಿಸಿಲಿಗೆ ಕೆಂಪಾದ ಗಂಡ ಹೆಂಡತಿ,
ಬೆನ್ನಿಗೆ ಕೂಸಿನಷ್ಟು ಚೀಲ.
ಯಾವ ದೇಶದವರೋ, ಕೇಳಲಿಲ್ಲ.
ಗುಳೇದಗುಡ್ಡ ಅನ್ನೋ ಹೆಸರನ್ನ ಚೀಟಿ ನೋಡಿ
ಕಬ್ಬಿನಂಗ ನಾಕು ಗಣಿಕಿ ಮಾಡಿ ಅಂದರು.
ನೂರರ ನೋಟು. ಚೀಲದಾಗ ಚಿಲ್ಲರೆ ಇಲ್ಲ.
ಟಿಕೀಟಿನ ಹಿಂದ ಬರೆದೆ: ಬಾಕಿ ೭೬.
ಇಳಿಯೋಮುಂದ ಇಸಗೋರಿ ಅಂತ ಕೈಸನ್ನಿ.

ಆಕಿ ಕೇಳಿದಳು, ಊರಾಗ ನೋಡೋದು ಏನೈತಿ?
ನನಗ ಬರ್ತಿದ್ದ ಇಂಗ್ಲಿಷಿನ್ಯಾಗ
ಉತ್ತರಕ್ಕ ಎರಡು ಶಬ್ದ ಸಾಕಾದವು.
ನಥಿಂಗ್ ದೇರ್.
ಮುಂದಿನ ಕ್ರಾಸಿಗೆ ಇಳಿದ ಬಿಟ್ಟರು.
ಬಾಕಿ ಅವರೂ ಕೇಳಲಿಲ್ಲ, ನಾನೂ ನೆನಸಲಿಲ್ಲ.
ಸೀಟಿ ಊದಿದೆ. ಹಸನಸಾಬ ಗೇರ್ ಹಾಕಿದ.

ಅವತ್ತು ಊರು ಮುಟ್ಟಿದಾಗ ಓಣಿ ಓಣಿಯೊಳಗ
ಮಗ್ಗ ತಮ್ಮಷ್ಟಕ್ಕ ತಾವ ಬಡಕೋತಿದ್ದವು.
ಖಣದ ಅಂಚಿನ್ಯಾಗ ಹೂ ಒಂದೊಂದ ಏಳ್ತಿದ್ದವು.
ನಾನು ಕಸ್ತೂರಿ, ನೀಲಗಾರರ ಮನಿ ಮಗಳು.
ನಮ್ಮ ಹಿತ್ತಲದಾಗ ಎಂಟು ಹರವಿ
ಕಂಠದ ಮಟಾ ನೆಲದಾಗ ಹುಗಿದಿದ್ದವು.
ಸುಣ್ಣ, ತಗಚಿ ಬೀಜ, ನೀಲಿ.
ನಾರಬೇಕು. ನಾರಲಿಲ್ಲಂದ್ರ ಮುತ್ಯಾ ಕೈ ಹಾಕ್ತಿರಲಿಲ್ಲ.
ಅರಿವಿ ಹಸಿರಾಗಿ ಮ್ಯಾಲ ಬರೋದು,
ಗಾಳಿ ಸೋಕಿದ ಮ್ಯಾಲ ನೀಲಿ.
ಸತ್ತಾಗ ಮೈ ತೊಳೆದವರು ಎಷ್ಟು ತಿಕ್ಕಿದರೂ
ಮುತ್ಯಾನ ಉಗುರು ನೀಲಿ ಬಿಡಲಿಲ್ಲ.
ಇಷ್ಟೆಲ್ಲ ಇತ್ತು, ನಥಿಂಗ್ ದೇರ್ ಅನ್ನೋ ಊರಾಗ.

ಹೋದ ವರ್ಷ, ಕಣ್ಣಿನ ದವಾಖಾನಿ ಬಾಕಿನ ಮ್ಯಾಲ
ರಟ್ಟು ಹರಿದ ಮಾಸಪತ್ರಿಕಿ.
ಅದರಾಗ ಒಬ್ಬಾಕಿ, ಸುಚಿತೋತೊ ಅನ್ನೋ ಊರಿನಾಕಿ,
ಮೊಣಕೈತನಕ ನೀಲಿ.
ಡಾಕ್ಟರು ಹೆಸರು ಕರೆದದ್ದು ಕೇಳಲಿಲ್ಲ ನನಗ.

ಅವತ್ತಿನಿಂದ ಎಲ್ಲಾರನ್ನೂ ಕೇಳೀನಿ.
ಬ್ಯಾಂಕಿನವ, ಎಫ್‌ಡಿ ಮುರೀಬ್ಯಾಡ್ರಿ ಅಂದ.
ತಂಗಿ, ಕಾಶಿಗ್ಯಾಕ ಹೋಗವಲ್ಲಿ ಅಂತ ಮಾತು ಬಿಟ್ಟಾಳ.
ಹಸನಸಾಬ, ಅಲ್ಲಿ ಗುಂಡು ಹಾರ್ತಾವಂತಲ್ಲಬೇ, ಅಂದು
ಚಾ ಬಶಿಗೆ ಸುರುವಿ ಆರಿಸಿ,
ರೊಟ್ಟಿ ಏನು ತಿಂತಾರಂತ? ಅಂದ.
ಮೆಕ್ಕಿಜೋಳದ್ದಂತ. ಒಳಗ ಕಾಳಿನ ಹೂರಣ.
ಎರಡು ಅಂಗೈ ನಡುವ ತಟ್ಟತಾರಂತ.
ತಟ್ಟತಾರ? ಹಂಗಿದ್ರ... ಅಂದವ ಮುಂದ ಹೇಳಲಿಲ್ಲ.

ನನಗೂ ಗೊತ್ತಿಲ್ಲ.
ಮಂಡಿನೋವು ಐತಿ. ಆ ಫೋಟೋದಾಕಿ
ನೀಲಿ ಬಿಟ್ಟು ಈಗ ಅಂಗಡಿ ಇಟ್ಟಿರಬಹುದು.
ಆ ಊರಿನ ಬಸ್ಸಿನ್ಯಾಗ ನನ್ನಂತಾಕಿ ಒಬ್ಬಾಕಿ
ಇಲ್ಲೇನಿಲ್ಲ ತಾಯಿ, ಹೊಳ್ಳಿ ಹೋಗು ಅನ್ನಬಹುದು.

ರೇಟು ಬರಕೊಡಪಾ ಅಂದೆ ಕಡೋಲ್ಕರಗ.
ಬರೆದ. ಸೊನ್ನಿ ಎಣಿಸಿ ಮಡಚಿ
ಎಲಿಅಡಿಕಿ ಚಂಚಿಯಾಗ ಇಟ್ಟೆ.

ಹೊಳ್ಳಿ ಬರೋ ಬಸ್ಸಿನ್ಯಾಗ ಎಳೇ ಹುಡುಗಿ ಕಂಡಕ್ಟರು,
"ಎಲ್ಲಿಗ್ರಿ, ಅಮ್ಮಾ?"
ಲೋಕಾಪುರ ದಾಟೋತನಕ ಹೇಳಾಕ ಬಾಯಿ ಬರಲಿಲ್ಲ.
ಹೆಣ್ಣುಮಕ್ಕಳಿಗೆ ಈಗ ಸೊನ್ನಿ ರೂಪಾಯಿ ಟಿಕೀಟು.
ತಿರುವಿ ನೋಡಿದೆ, ರೂಢಿ. ಹಿಂದ ಖಾಲಿ.
ಹುಡುಗಿ ಕಡಿಂದ ಪೆನ್ನು ಇಸಗೊಂಡು,
ಬಸ್ಸು ಕುಲುಕೋದ್ರಾಗ, ಸೊಟ್ಟಗ ಬರೆದೆ:
ಬಾಕಿ ೭೬.